ಕಡಿಮೆ ಖರ್ಚಿನ ರೋಟರಿ ವೈಸ್ ಕೊಳ್ಳುವ ಮುಂಚೆ ದವಡೆ ನೋಡಿ

ಫ್ಲೈ ಅಂದರೆ ಗಾಳಕ್ಕೆ ಗರಿ, ಕೂದಲು, ದಾರ ಕಟ್ಟಿ ಮಾಡುವ ಮೀನಿನ ಆಮಿಷ. ಕಟ್ಟುವಾಗ ಗಾಳವನ್ನು ಹಿಡಿದಿಡುವ ಸಾಧನ ವೈಸ್, ಗಾಳದ ಸಮೇತ ತಿರುಗುವ ವೈಸ್ ರೋಟರಿ. ಫ್ಲೈ ಕಟ್ಟಲು ರೋಟರಿ ವೈಸ್ ಕೊಳ್ಳಬೇಕು ಅಂದುಕೊಂಡವರು ಮೊದಲು ಏನು ಮಾಡುತ್ತಾರೆ ಗೊತ್ತಾ? ಹಿಡಿಕೆ ಹಿಡಿದು ಗಿರ್ರನೆ ತಿರುಗಿಸಿ ನೋಡುತ್ತಾರೆ. ಸಲೀಸಾಗಿ ತಿರುಗಿತು ಅಂದರೆ ಅಲ್ಲೇ ಮನಸ್ಸು ಸೋತುಹೋಗುತ್ತದೆ. ಆದರೆ ತಿರುಗುವ ಹಾಗೆ ಮಾಡುವುದು ದೊಡ್ಡ ವಿಷಯವೇ ಅಲ್ಲ. ಒಂದು ಶಾಫ್ಟು, ಅದು ಕೂತು ತಿರುಗಲು ಒಂದು ಬುಷ್ಷು ಇದ್ದರೆ ಯಾವುದು ಬೇಕಾದರೂ ತಿರುಗುತ್ತದೆ. ಕಷ್ಟ ಇರುವುದು ಗಾಳವನ್ನು ಅಲುಗದ ಹಾಗೆ ಹಿಡಿಯುವುದರಲ್ಲಿ, ಹಿಡಿದದ್ದನ್ನು ನಟ್ಟನಡುವೆ ಇಟ್ಟು ತಿರುಗಿಸುವುದರಲ್ಲಿ. ಅಗ್ಗದ ವೈಸುಗಳು ಕೈಕೊಡುವುದು ಈ ಎರಡು ಕಡೆಯೇ. ಹಾಗಾಗಿ ಇರುವ ದುಡ್ಡು ಮೊದಲು ಗಾಳವನ್ನು ಕಚ್ಚಿ ಹಿಡಿಯುವ ದವಡೆಗೆ ಹೋಗಲಿ, ಆಮೇಲೆ ಅಕ್ಷಕ್ಕೆ ಹೋಗಲಿ. ಬಣ್ಣ, ಹೊಳಪು, ಪೆಟ್ಟಿಗೆ, ಜೊತೆಗೆ ಕೊಡುವ ಕತ್ತರಿ ಎಲ್ಲಾ ಕೊನೆಗೆ.

ರೋಟರಿ ನಿಮಗೆ ಬೇಕಾ?

ಬೇಕೇಬೇಕು ಅಂತೇನಿಲ್ಲ. ತಿರುಗದ ವೈಸಿನಲ್ಲೂ ಒಳ್ಳೆಯ ಫ್ಲೈ ಕಟ್ಟಬಹುದು, ಎಷ್ಟೋ ಜನ ಕಟ್ಟುತ್ತಲೂ ಇದ್ದಾರೆ. ಆದರೆ ರೋಟರಿಯಿಂದ ಮೂರು ಕೆಲಸ ನಿಜವಾಗಿ ಹಗುರವಾಗುತ್ತವೆ. ಮೊದಲನೆಯದು ಸುತ್ತುವುದು. ಶೆನಿಲ್ (ಜುಂಗು ಇರುವ ದಾರ), ಫ್ಲಾಸ್ (ನುಣುಪಾದ ದಾರ), ಟಿನ್ಸೆಲ್ (ಮಿಂಚುವ ಪಟ್ಟಿ), ತಾಮ್ರದ ತಂತಿ ಇವನ್ನೆಲ್ಲ ಬೆರಳಿಂದ ಬೆರಳಿಗೆ ಬದಲಾಯಿಸುತ್ತಾ ಸುತ್ತುವ ಬದಲು, ಒಂದು ಕೈಯಲ್ಲಿ ಸುಮ್ನೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ವೈಸ್ ತಿರುಗಿಸಿದರೆ ಸಾಕು. ಸುತ್ತುಗಳ ನಡುವಿನ ಅಂತರ ಕಣ್ಣೆದುರೇ ಸಮವಾಗಿ ಬೀಳುತ್ತದೆ. ವೂಲಿ ಬಗ್ಗರ್ ಅನ್ನುವ ಫ್ಲೈಗೆ ಉದ್ದಕ್ಕೂ ಗರಿ ಸುತ್ತುವಾಗ ಇದರ ಬೆಲೆ ಗೊತ್ತಾಗುತ್ತದೆ. ಎರಡನೆಯದು, ಆಚೆ ಬದಿ ನೋಡುವುದು. ನಮ್ಮ ಕಡೆಯಿಂದ ಚೆನ್ನಾಗಿ ಕಾಣುವ ಫ್ಲೈ ಆಚೆ ಬದಿಯಲ್ಲಿ ರೆಕ್ಕೆ ವಾರೆಯಾಗಿರುತ್ತದೆ, ಮೀನು ಎರಡೂ ಕಡೆಯಿಂದ ನೋಡುತ್ತದೆ ಅಲ್ವಾ. ಮೂರನೆಯದು ತಲೆಕೆಳಗು ಮಾಡಿ ಕಟ್ಟುವುದು. ಕ್ಲೌಸರ್ ಮಿನ್ನೋ ತರಹದ ಫ್ಲೈಗಳಲ್ಲಿ ಗಾಳದ ಮೊನೆಯ ಬದಿಗೂ ಕೂದಲು ಕಟ್ಟಬೇಕು, ಅಲ್ಲಿ ಗಾಳ ಬಿಚ್ಚಿ ಮತ್ತೆ ಹಾಕುವ ಕೆಲಸ ತಪ್ಪುತ್ತದೆ. ಎಪಾಕ್ಸಿ ಅಂಟು ಹಚ್ಚುವವರಿಗೂ ಲಾಭ ಇದೆ, ನಿಧಾನವಾಗಿ ತಿರುಗಿಸುತ್ತಾ ಇದ್ದರೆ ಅದು ಒಂದೇ ಕಡೆ ಜೋತು ಬೀಳದೆ ಸುತ್ತಲೂ ಸಮನಾಗಿ ಗಟ್ಟಿಯಾಗುತ್ತದೆ.

ನೀವು ಕಟ್ಟುವುದು ಬರೀ ಸಣ್ಣ ಡ್ರೈ ಫ್ಲೈ (ನೀರಿನ ಮೇಲೆ ತೇಲುವ ಫ್ಲೈ) ಆಗಿದ್ದರೆ, ಕೈಯಲ್ಲೇ ಎರಡು ಮೂರು ಸುತ್ತು ಹಾಕಿ ಮುಗಿಸುವವರಾದರೆ, ಅದೇ ದುಡ್ಡಿಗೆ ಒಳ್ಳೆಯ ದವಡೆ ಇರುವ ಸಾದಾ ವೈಸ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಕೆಟ್ಟ ರೋಟರಿಗಿಂತ ಒಳ್ಳೆಯ ಸಾದಾ ವೈಸ್ ಯಾವತ್ತೂ ಮೇಲು.

ಎಲ್ಲಾ ರೋಟರಿಯೂ ಒಂದೇ ಅಲ್ಲ

ಡಬ್ಬದ ಮೇಲೆ ರೋಟರಿ ಅಂತ ಬರೆದಿರುತ್ತದೆ. ಒಳಗೆ ಎರಡು ಬೇರೆ ಬೇರೆ ಜಾತಿ ಇರಬಹುದು. ಒಂದರಲ್ಲಿ ದವಡೆ ಓರೆಯಾಗಿ ಕೂತಿರುತ್ತದೆ, ತಲೆ ತಿರುಗುತ್ತದೆ, ಆದರೆ ತಿರುಗಿಸಿದಾಗ ಗಾಳ ದೊಡ್ಡದೊಂದು ವೃತ್ತ ಹಾಕಿಕೊಂಡು ಮೇಲೆ ಕೆಳಗೆ ಹೋಗುತ್ತದೆ. ಆಚೆ ಬದಿ ನೋಡಲು ಇದು ಸಾಕು. ತಿರುಗಿಸುತ್ತಾ ಸುತ್ತಲು ಬರುವುದಿಲ್ಲ. ಇನ್ನೊಂದು ಟ್ರೂ ರೋಟರಿ. ಇದರಲ್ಲಿ ಗಾಳದ ನೇರ ಕಡ್ಡಿ, ಅಂದರೆ ನಾವು ದಾರ ಸುತ್ತುವ ಭಾಗ, ವೈಸ್ ತಿರುಗುವ ಅಕ್ಷದ ಗೆರೆಯ ಮೇಲೇ ಇರುತ್ತದೆ. ತಿರುಗಿಸಿದರೆ ಕಡ್ಡಿ ಇದ್ದಲ್ಲೇ ಉರುಳುತ್ತದೆ, ಜಾಗ ಬಿಟ್ಟು ಕದಲುವುದಿಲ್ಲ. ಮೇಲೆ ಹೇಳಿದ ಮೊದಲ ಲಾಭ, ಅಂದರೆ ಸುತ್ತುವುದು, ಇದರಲ್ಲಿ ಮಾತ್ರ ಸಿಗುತ್ತದೆ.

ಫೋಟೋ ನೋಡಿಯೇ ಇದನ್ನು ಗುರುತಿಸಬಹುದು. ತಿರುಗುವ ಶಾಫ್ಟಿನ ನಡುವಿನಿಂದ ಮುಂದಕ್ಕೆ ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ಆ ಗೆರೆ ಗಾಳದ ಕಡ್ಡಿಯ ಮೂಲಕ ಹೋಗುತ್ತದೆಯಾ? ಹೋಗಬೇಕಾದರೆ ದವಡೆ ಆ ಗೆರೆಗಿಂತ ಸ್ವಲ್ಪ ಕೆಳಗೆ ಇರಲೇಬೇಕು, ಯಾಕೆಂದರೆ ದವಡೆ ಹಿಡಿಯುವುದು ಗಾಳದ ಬಾಗಿನ ಕೆಳಭಾಗವನ್ನು, ಕಡ್ಡಿ ಅದಕ್ಕಿಂತ ಮೇಲೆ ಇರುತ್ತದೆ. ಅದಕ್ಕೇ ಹೆಚ್ಚಿನ ಟ್ರೂ ರೋಟರಿಗಳಲ್ಲಿ ಶಾಫ್ಟ್ ಮುಂದೆ ಬಂದು ಒಮ್ಮೆ ಕೆಳಗೆ ಬಾಗಿ, ಆಮೇಲೆ ದವಡೆ ಮೇಲ್ಮುಖವಾಗಿ ಬರುತ್ತದೆ. ಈ ಬಾಗು ಕಾಣದಿದ್ದರೆ, ದವಡೆ ನೆಟ್ಟಗೆ ಶಾಫ್ಟಿನ ಗೆರೆಯಲ್ಲೇ ಇದ್ದರೆ, ಮಾರುವವರನ್ನು ಎರಡು ಸಲ ಕೇಳಿ.

ಮೊದಲು ಗಾಳದ ಸೈಜು ಬರೆದುಕೊಳ್ಳಿ

ಅಂಗಡಿಗೆ ಹೋಗುವ ಮುಂಚೆ ನೀವು ಕಟ್ಟುವ ಅತಿ ಸಣ್ಣ ಗಾಳ ಯಾವುದು, ಅತಿ ದೊಡ್ಡದು ಯಾವುದು ಅಂತ ಬರೆದುಕೊಳ್ಳಿ. ಗಾಳದ ಸೈಜಿನಲ್ಲಿ ಅಂಕಿ ಹೆಚ್ಚಾದಷ್ಟೂ ಗಾಳ ಸಣ್ಣದು. 18 ಅಂದರೆ ಪುಟ್ಟದು, 6 ಅಂದರೆ ದೊಡ್ಡದು. 1 ದಾಟಿದ ಮೇಲೆ ಲೆಕ್ಕ ತಿರುಗುತ್ತದೆ, 1/0, 2/0, 3/0 ಹೀಗೆ ಅಂಕಿ ಏರಿದಂತೆ ಗಾಳವೂ ದೊಡ್ಡದಾಗುತ್ತದೆ. ನದಿ ಮೀನಿನ ಫ್ಲೈ ಕಟ್ಟುವವರ ಹೆಚ್ಚಿನ ಕೆಲಸ 6ರಿಂದ 18ರ ಒಳಗೆ ಮುಗಿಯುತ್ತದೆ. ಸಮುದ್ರದ ಮೀನಿಗೆ ಕಟ್ಟುವವರಿಗೆ 1/0, 2/0 ಮತ್ತು ಅದಕ್ಕೂ ದೊಡ್ಡದು ಬೇಕಾಗುತ್ತದೆ.

ಒಂದೇ ದವಡೆ 24ರಿಂದ 5/0ವರೆಗೂ ಹಿಡಿಯುತ್ತದೆ ಅಂತ ಬರೆದದ್ದು ಕಂಡರೆ ಪೂರ್ತಿ ನಂಬಬೇಡಿ. ಹಿಡಿಯಬಹುದು, ಚೆನ್ನಾಗಿ ಹಿಡಿಯುತ್ತದೆ ಅಂತಲ್ಲ. ದೊಡ್ಡ ಗಾಳದ ದಪ್ಪ ತಂತಿಗೆ ಬೇಕಾದ ಗಟ್ಟಿ ದವಡೆ, ಸಣ್ಣ ಗಾಳಕ್ಕೆ ಬಂದಾಗ ಮೂತಿ ದಪ್ಪವಾಗಿ ಬೆರಳಿಗೆ ಜಾಗವೇ ಬಿಡುವುದಿಲ್ಲ. ಅದಕ್ಕೇ ಕೆಲವು ಕಂಪನಿಗಳು ಸಣ್ಣ ಗಾಳಕ್ಕೆ ಮಿಡ್ಜ್ ದವಡೆ, ದೊಡ್ಡದಕ್ಕೆ ಸಾಲ್ಟ್‌ವಾಟರ್ ದವಡೆ ಅಂತ ಬೇರೆ ಬೇರೆ ಮಾರುತ್ತವೆ. ಪೀಕ್ ಕಂಪನಿಯ ರೋಟರಿ ವೈಸಿನಲ್ಲಿ ಹೀಗೆ ದವಡೆ ಬದಲಾಯಿಸಬಹುದು. ಈಗ ಒಂದು ದವಡೆ ಕೊಂಡು, ಮುಂದೆ ಬೇಕೆನಿಸಿದಾಗ ಇನ್ನೊಂದು ಸೇರಿಸಬಹುದು ಅನ್ನುವುದೇ ಕಡಿಮೆ ಬಜೆಟ್‌ನವರಿಗೆ ದೊಡ್ಡ ಅನುಕೂಲ.

ದವಡೆಯನ್ನು ಪರೀಕ್ಷಿಸುವುದು

ಇಲ್ಲಿ ಆತುರ ಬೇಡ. ಫ್ಲೈ ಗಾಳವನ್ನು ಹೆಚ್ಚಾಗಿ ಹದ ಮಾಡಿದ ಹೈ ಕಾರ್ಬನ್ ಉಕ್ಕಿನ ತಂತಿಯಿಂದ ಮಾಡುತ್ತಾರೆ, ಅದು ಬಹಳ ಗಟ್ಟಿ. ದವಡೆ ಅದಕ್ಕಿಂತ ಮೆತ್ತಗಿದ್ದರೆ ಏನಾಗುತ್ತದೆ? ಬಿಗಿದಾಗಲೆಲ್ಲ ಗಾಳ ದವಡೆಯಲ್ಲಿ ಒಂದು ಸಣ್ಣ ಗೀರು ಮಾಡುತ್ತದೆ. ದಿನ ಕಳೆದಂತೆ ಆ ಗೀರು ಕಾಲುವೆಯಾಗುತ್ತದೆ. ಆಮೇಲೆ 8ನೇ ಸೈಜು ಹಿಡಿದ ಕಾಲುವೆಯಲ್ಲಿ 16ನೇ ಸೈಜು ಜಾರುತ್ತದೆ. ಎಷ್ಟು ಬಿಗಿದರೂ ಪ್ರಯೋಜನವಿಲ್ಲ, ಬಿಗಿದಷ್ಟೂ ದವಡೆ ಇನ್ನೂ ಹಾಳಾಗುತ್ತದೆ. ಹಾಗಾಗಿ ದವಡೆ ಹದ ಮಾಡಿದ ಟೂಲ್ ಸ್ಟೀಲ್‌ನದ್ದಾ (ಉಪಕರಣ ಮಾಡುವ ಗಟ್ಟಿ ಉಕ್ಕಿನದ್ದಾ) ಅಂತ ಕೇಳಿ. ಬರೀ ಸ್ಟೇನ್‌ಲೆಸ್ ಅಂತ ಹೇಳಿದರೆ ತುಕ್ಕು ಹಿಡಿಯುವುದಿಲ್ಲ ಅನ್ನುವುದು ಗೊತ್ತಾಗುತ್ತದೆ, ಎಷ್ಟು ಗಟ್ಟಿ ಅನ್ನುವುದು ಗೊತ್ತಾಗುವುದಿಲ್ಲ.

ಕೈಗೆ ಸಿಕ್ಕ ವೈಸಿನಲ್ಲಿ ಹೀಗೆ ಮಾಡಿ. ಗಾಳ ಹಾಕದೆ ದವಡೆ ಮುಚ್ಚಿ, ಬೆಳಕಿಗೆ ಎದುರಾಗಿ ಹಿಡಿದು ನೋಡಿ. ಎರಡು ದವಡೆಯ ತುದಿಗಳು ಒಂದಕ್ಕೊಂದು ಸರಿಯಾಗಿ ಕೂಡಬೇಕು. ಹಿಂದೆ ಕೂಡಿ ಮುಂದೆ ಸಂದು ಬಿಟ್ಟಿದ್ದರೆ ಅಂಥದ್ದು ಬೇಡ, ಗಾಳ ಇರುವುದು ಮುಂದೆಯೇ. ಒಂದು ತುದಿ ಇನ್ನೊಂದಕ್ಕಿಂತ ಉದ್ದವಾಗಿ ಚಾಚಿಕೊಂಡಿದ್ದರೂ ಬೇಡ. ಆಮೇಲೆ ತೆಳ್ಳಗಿನ ಕಾಗದದ ಒಂದು ಚೂರನ್ನು ತುದಿಯಲ್ಲಿ ಮಾತ್ರ ಸಿಕ್ಕಿಸಿ, ಬಿಗಿದು, ಎಳೆಯಿರಿ. ಕಾಗದ ಹರಿಯಬೇಕು, ಜಾರಿ ಬರಬಾರದು.

ಈಗ ಗಾಳ ಹಾಕಿ. ನಿಮ್ಮದೇ ಗಾಳಗಳನ್ನು ಕಿಸೆಯಲ್ಲಿ ಇಟ್ಟುಕೊಂಡು ಹೋಗುವುದು ಒಳ್ಳೆಯದು, ಒಂದು ಸಣ್ಣದು, ಒಂದು ನಡುವಿನದು, ಒಂದು ದೊಡ್ಡದು. ಬಾಗಿನ ಕೆಳಭಾಗದಲ್ಲಿ ಹಿಡಿಸಿ. ಮೊನೆಯನ್ನೂ ಅದರ ಹಿಂದಿನ ಮುಳ್ಳನ್ನೂ ದವಡೆಯೊಳಗೆ ಮುಚ್ಚಿಡಬೇಡಿ, ಮೊನೆ ಮೊಂಡಾಗುತ್ತದೆ, ಮುಳ್ಳಿನ ಹತ್ತಿರ ಗಾಳ ಬಿರುಕು ಬಿಡಬಹುದು. ಬಿಗಿದ ಮೇಲೆ ಗಾಳದ ಕಣ್ಣಿನ (ತುದಿಯಲ್ಲಿ ದಾರ ಕಟ್ಟುವ ತೂತಿನ) ಹತ್ತಿರ ಬೆರಳಿಟ್ಟು ಕೆಳಕ್ಕೆ ಒತ್ತಿ. ಕಡ್ಡಿ ಸ್ವಲ್ಪ ಬಗ್ಗಿ, ಬಿಟ್ಟ ಕೂಡಲೇ ಟಕ್ಕನೆ ಮೇಲೆ ಬರಬೇಕು. ಬಗ್ಗದೆ ಗಾಳವೇ ಕೆಳಗೆ ವಾಲಿ ಅಲ್ಲೇ ನಿಂತುಬಿಟ್ಟರೆ ದವಡೆ ಹಿಡಿಯುತ್ತಿಲ್ಲ ಅಂತ ಅರ್ಥ. ಬಹಳ ಜೋರಾಗಿ ಒತ್ತಬೇಡಿ, ಗಾಳ ಮುರಿದು ಚೂರು ಹಾರಬಹುದು, ಕನ್ನಡಕ ಇದ್ದರೆ ಹಾಕಿಕೊಳ್ಳಿ. ಮೂರೂ ಗಾಳದಲ್ಲಿ ಇದೇ ಪರೀಕ್ಷೆ ಮಾಡಿ. ಜಿಂಕೆ ಕೂದಲು ಕಟ್ಟುವವರಂತೂ ಇದನ್ನು ಬಿಡಲೇಬಾರದು, ಆ ಕೆಲಸದಲ್ಲಿ ದಾರವನ್ನು ಎಳೆಯುವ ಜೋರಿಗೆ ಸಡಿಲ ದವಡೆ ನಿಲ್ಲುವುದೇ ಇಲ್ಲ.

ದವಡೆ ಬಿಗಿಯುವ ರೀತಿಯೂ ಬೇರೆ ಬೇರೆ. ಕೆಲವದರಲ್ಲಿ ಮುಂದೆ ಒಂದು ಸ್ಕ್ರೂ ಇರುತ್ತದೆ, ತಂತಿಯ ದಪ್ಪಕ್ಕೆ ಅದನ್ನು ಹೊಂದಿಸಬೇಕು, ಹಿಂದಿನ ಲಿವರ್ ತಿರುಗಿಸಿದರೆ ದವಡೆ ಲಾಕ್ ಆಗುತ್ತದೆ. ಕೆಲವದರಲ್ಲಿ ಲಿವರ್ ಎಳೆದರೆ ದವಡೆ ಒಂದು ಕೊಳವೆಯೊಳಗೆ ಸರಿದು ಬಿಗಿಯಾಗುತ್ತದೆ. ರೀಗಲ್ ಕಂಪನಿಯದ್ದು ಸ್ಪ್ರಿಂಗ್ ದವಡೆ, ಲಿವರ್ ಅದುಮಿದರೆ ತೆರೆಯುತ್ತದೆ, ಬಿಟ್ಟರೆ ತಾನೇ ಕಚ್ಚಿಕೊಳ್ಳುತ್ತದೆ, ಗಾಳ ಬದಲಾದಾಗ ಏನೂ ಹೊಂದಿಸಬೇಕಿಲ್ಲ. ಹಿಡಿತ ಅದ್ಭುತ, ಆದರೆ ಅದರ ಮಾಡೆಲ್‌ಗಳೆಲ್ಲ ಟ್ರೂ ರೋಟರಿ ಅಲ್ಲ, ಯಾವುದು ಅಂತ ನೋಡಿಕೊಂಡು ಕೊಳ್ಳಿ. ಅಗ್ಗದ ವೈಸುಗಳಲ್ಲಿ ನನಗೆ ಹಿಡಿಸುವುದು ಸ್ಕ್ರೂ ಮತ್ತು ಲಿವರ್ ಎರಡೂ ಇರುವ ಬಗೆ. ಭಾಗಗಳು ಕಡಿಮೆ, ಕೆಟ್ಟರೆ ಎಲ್ಲಿ ಕೆಟ್ಟಿತು ಅಂತ ಕಣ್ಣಿಗೆ ಕಾಣುತ್ತದೆ. ಲಿವರ್ ತಿರುಗಿಸಲು ತುಂಬಾ ಬಲ ಬೇಕಾದರೆ ಸ್ಕ್ರೂ ಹೊಂದಿಸಿದ್ದು ತಪ್ಪಿದೆ ಅಂತ ತಿಳಿಯಿರಿ, ಬಲವಂತ ಮಾಡಿದರೆ ದವಡೆಯೇ ಮುರಿಯುತ್ತದೆ.

ಅಕ್ಷ ಸರಿಯಿದೆಯಾ ನೋಡುವುದು

ಗಾಳ ವೈಸಿನಲ್ಲೇ ಇರಲಿ. ಒಂದು ಸೂಜಿಯನ್ನೋ ಪೆನ್ಸಿಲನ್ನೋ ತೆಗೆದುಕೊಂಡು, ಅದರ ತುದಿ ಕಡ್ಡಿಗೆ ಇನ್ನೇನು ತಾಗಬೇಕು ಅನ್ನುವಷ್ಟು ಹತ್ತಿರ ಇಟ್ಟು, ಕೈ ಅಲುಗದಂತೆ ಮೇಜಿಗೆ ಊರಿಕೊಂಡು, ಇನ್ನೊಂದು ಕೈಯಲ್ಲಿ ವೈಸ್ ನಿಧಾನವಾಗಿ ಪೂರ್ತಿ ಒಂದು ಸುತ್ತು ತಿರುಗಿಸಿ. ಸೂಜಿಗೂ ಕಡ್ಡಿಗೂ ನಡುವಿನ ಸಂದು ಸುತ್ತಿನುದ್ದಕ್ಕೂ ಒಂದೇ ತರ ಇರಬೇಕು. ಒಂದು ಕಡೆ ಹತ್ತಿರ ಬಂದು ಇನ್ನೊಂದು ಕಡೆ ದೂರ ಹೋದರೆ ಕಡ್ಡಿ ನಡುವಿನಲ್ಲಿಲ್ಲ. ಕಡ್ಡಿ ಅಕ್ಷದಿಂದ 1 ಮಿಲಿಮೀಟರ್ ಸರಿದಿದ್ದರೆ ತಿರುಗುವಾಗ 2 ಮಿಲಿಮೀಟರ್ ಅಗಲದ ವೃತ್ತ ಹಾಕುತ್ತದೆ. ದೊಡ್ಡ ಗಾಳಕ್ಕೆ ಅಷ್ಟು ನಡೆಯುತ್ತದೆ, 16, 18ಕ್ಕೆ ಅದು ಜಾಸ್ತಿಯೇ.

ಸರಿಯಿಲ್ಲ ಅಂದ ಕೂಡಲೇ ವೈಸ್ ಬೇಡ ಅನ್ನಬೇಡಿ. ಸಣ್ಣ ಗಾಳದ ಬಾಯಿ ಕಿರಿದು, ದೊಡ್ಡದರ ಬಾಯಿ ಅಗಲ. ಬಾಗಿನ ಕೆಳಭಾಗದಿಂದ ಕಡ್ಡಿಗೆ ಇರುವ ದೂರ ಗಾಳದಿಂದ ಗಾಳಕ್ಕೆ ಬದಲಾಗುತ್ತದೆ. ಅಂದ ಮೇಲೆ ಸೈಜು ಬದಲಾದಾಗ ದವಡೆಯನ್ನು ಮೇಲೆ ಕೆಳಗೆ ಮಾಡಲು ಏನಾದರೂ ದಾರಿ ಇರಬೇಕು. ರೆನ್ಜೆಟ್ಟಿ ಟ್ರಾವೆಲರ್ ತರಹದ ವೈಸುಗಳಲ್ಲಿ, ಅವುಗಳನ್ನು ನೋಡಿ ಮಾಡಿದ ಅಗ್ಗದವುಗಳಲ್ಲೂ, ದವಡೆಯನ್ನು ಹೊಂದಿಸುವ ವ್ಯವಸ್ಥೆ ಇರುತ್ತದೆ. ಅದಿಲ್ಲದ ವೈಸಿನಲ್ಲಿ ಗಾಳವನ್ನು ದವಡೆಯೊಳಗೆ ಸ್ವಲ್ಪ ಆಳಕ್ಕೋ ಮೇಲಕ್ಕೋ ಇಟ್ಟು ಸರಿದೂಗಿಸಬೇಕು. ಹೊಂದಿಸಿದ ಮೇಲೂ ಕಡ್ಡಿ ಓಲಾಡಿದರೆ ಶಾಫ್ಟೇ ಡೊಂಕು ಇರಬಹುದು, ಆಗ ಬಿಟ್ಟುಬಿಡಿ.

ಗಾಳವನ್ನು ಮಟ್ಟವಾಗಿ ಕೂರಿಸುವುದನ್ನೂ ಮರೆಯಬೇಡಿ. ಕಣ್ಣು ಕೆಳಗೆ ಇಳಿದು ಬಾಗು ಮೇಲೆ ಇದ್ದರೆ ಎಂಥ ವೈಸಿನಲ್ಲೂ ಗಾಳ ಓಲಾಡುತ್ತದೆ.

ತಿರುಗುವ ಭಾಗ, ಬೇಸು, ಎತ್ತರ

ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಲೂಸು ಇರಬಾರದು. ಬೇರಿಂಗ್ ಇದ್ದರೆ ಹಗುರವಾಗಿ ತಿರುಗುತ್ತದೆ, ಆದರೆ ಒಳ್ಳೆಯ ಬುಷ್ ಇರುವ ವೈಸ್ ಕೂಡ ವರ್ಷಗಟ್ಟಲೆ ಚೆನ್ನಾಗಿ ನಡೆಯುತ್ತದೆ, ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಕಿಲ್ಲ. ನಾರ್‌ವೈಸ್‌ನಂಥವುಗಳಲ್ಲಿ ತಿರುಗಣೆಯ ವೇಗವೇ ಕಟ್ಟುವ ವಿಧಾನದ ಭಾಗ, ಅದು ಬೇರೆ ದಾರಿ. ನಮಗೆ ಬೇಕಾದದ್ದು ಬಿಗಿ ಹೊಂದಿಸುವ ಒಂದು ಸ್ಕ್ರೂ. ಪೂರ್ತಿ ಬಿಗಿದರೆ ವೈಸ್ ಅಲುಗದೆ ನಿಲ್ಲಬೇಕು, ಸ್ವಲ್ಪ ಸಡಿಲಿಸಿದರೆ ಬಿಟ್ಟಲ್ಲೇ ನಿಲ್ಲಬೇಕು. ದವಡೆಯ ಭಾರಕ್ಕೆ ತಾನಾಗಿ ತಿರುಗಿ ಕೆಳಗೆ ಜಾರುವ ವೈಸ್ ಕೆಲಸದ ಮಧ್ಯೆ ಕಿರಿಕಿರಿ ಮಾಡುತ್ತದೆ.

ಕ್ಲಾಂಪ್ ಬೇಕಾ, ಭಾರದ ಬೇಸು ಬೇಕಾ ಅನ್ನುವುದು ನಿಮ್ಮ ಮೇಜು ಎಂಥದ್ದು ಅನ್ನುವುದರ ಮೇಲೆ ನಿಂತಿದೆ. ಕ್ಲಾಂಪ್ ಅಗ್ಗ, ಗಟ್ಟಿ, ಎತ್ತರ ಏರಿಸಿ ಇಳಿಸಬಹುದು, ಆದರೆ ಮೇಜಿಗೆ ಹೊರಚಾಚಿದ ಅಂಚು ಇರಬೇಕು. ಅಂಚಿನ ದಪ್ಪ ಅಳೆದುಕೊಂಡು ಹೋಗಿ. ಬೇಸು ಇದ್ದರೆ ಎಲ್ಲಿ ಬೇಕಾದರೂ ಇಡಬಹುದು, ಆದರೆ ಹಗುರವಾದ ಬೇಸು ಬೇಡವೇ ಬೇಡ. ದಾರ ಎಳೆದಾಗ ವೈಸೇ ನಿಮ್ಮ ಕಡೆ ಬಂದುಬಿಡುತ್ತದೆ. ದುಡ್ಡು ಉಳಿಸಬೇಕು ಅಂದರೆ ಉಳಿಸುವ ಜಾಗ ಇದೇ. ಅದೇ ದವಡೆ ಇರುವ ವೈಸ್ ಕ್ಲಾಂಪ್‌ನಲ್ಲಿ ಕಡಿಮೆಗೆ ಸಿಕ್ಕರೆ ಅದನ್ನೇ ಕೊಂಡುಕೊಳ್ಳಿ.

ವೈಸ್ ನಿಲ್ಲುವ ಕಂಬದ ದಪ್ಪವನ್ನೂ ಕೇಳಿ. ಬಹಳ ವೈಸುಗಳಲ್ಲಿ ಅದು 3/8 ಇಂಚು, ಸುಮಾರು 9.5 ಮಿಲಿಮೀಟರ್. ಈ ಅಳತೆ ಇದ್ದರೆ ಬೇರೆ ಕಂಪನಿಯ ಬೇಸು, ಕ್ಲಾಂಪು, ಬಾಬಿನ್ (ದಾರದ ಉರುಳೆ ಹಿಡಿಯುವ ಸಾಧನ) ಇಡುವ ಸ್ಟ್ಯಾಂಡು ಎಲ್ಲಾ ಮುಂದೆ ಹೊಂದಿಕೊಳ್ಳುತ್ತವೆ.

ಎಡಗೈಯವರು ಇನ್ನೊಂದು ಪ್ರಶ್ನೆ ಕೇಳಬೇಕು, ವೈಸನ್ನು ಎಡಗೈಗೆ ತಿರುಗಿಸಿ ಹೊಂದಿಸಬಹುದಾ ಅಂತ. ಕೆಲವದರಲ್ಲಿ ಬಿಗಿ ಸ್ಕ್ರೂ, ಲಿವರ್ ಎರಡೂ ತಪ್ಪು ಬದಿಗೆ ಬಂದುಬಿಡುತ್ತವೆ.

ಬಾಬಿನ್ ಸ್ಟ್ಯಾಂಡ್ ಇಲ್ಲದೆ ರೋಟರಿ ಅರ್ಧ

ವೈಸ್ ತಿರುಗಿಸುವಾಗ ದಾರದ ಬಾಬಿನ್ ಗಾಳದಿಂದ ಜೋತಾಡುತ್ತಿದ್ದರೆ ದಾರವೂ ಸುತ್ತಿಕೊಳ್ಳುತ್ತದೆ. ಅದಕ್ಕೇ ಗಾಳದ ಮುಂದೆ, ಅದೇ ಎತ್ತರದಲ್ಲಿ, ಬಾಬಿನ್ ಇಡಲು ಒಂದು ಸ್ಟ್ಯಾಂಡ್ ಬೇಕು. ದಾರವನ್ನು ಕಣ್ಣಿನ ಹಿಂದಕ್ಕೆ ತಂದು, ಒಂದು ಹಾಫ್ ಹಿಚ್ (ಒಂದೇ ಕುಣಿಕೆಯ ಗಂಟು) ಹಾಕಿ, ಬಾಬಿನ್ನನ್ನು ಸ್ಟ್ಯಾಂಡ್ ಮೇಲೆ ಇಟ್ಟರೆ ದಾರ ಅಕ್ಷದ ಗೆರೆಯಲ್ಲೇ ಇರುತ್ತದೆ, ವೈಸ್ ತಿರುಗಿದರೂ ಸಮಸ್ಯೆ ಇಲ್ಲ. ದಾರಕ್ಕೆ ಒಂದಿಷ್ಟು ಹುರಿ ಬೀಳುತ್ತದೆ, ಆಮೇಲೆ ಬಾಬಿನ್ ಜೋತುಬಿಟ್ಟರೆ ಅದೇ ಬಿಚ್ಚಿಕೊಳ್ಳುತ್ತದೆ. ವೈಸ್ ಜೊತೆ ಸ್ಟ್ಯಾಂಡ್ ಬರದಿದ್ದರೆ ಗಟ್ಟಿ ತಂತಿಯನ್ನು ಬಗ್ಗಿಸಿ ಮರದ ತುಂಡಿಗೆ ಸಿಕ್ಕಿಸಿದರೂ ಕೆಲಸ ಆಗುತ್ತದೆ. ಇದೊಂದಕ್ಕಾಗಿ ದುಬಾರಿ ಮಾಡೆಲ್ ಕೊಳ್ಳಬೇಡಿ.

ಯಾವುದನ್ನು ಕೊಳ್ಳುವುದು?

ಕಡಿಮೆ ಬಜೆಟ್‌ನ ಟ್ರೂ ರೋಟರಿಗಳಲ್ಲಿ ಡ್ಯಾನ್‌ವೈಸ್ ಬಹಳ ಜನಕ್ಕೆ ಗೊತ್ತಿರುವ ಹೆಸರು. ಅದರ ಮೈ ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್, ದವಡೆ ಉಕ್ಕಿನದು. ಪ್ಲಾಸ್ಟಿಕ್ ಅಂತ ಮೂಗು ಮುರಿಯಬೇಕಿಲ್ಲ, ಖರ್ಚನ್ನು ಸರಿಯಾದ ಜಾಗದಲ್ಲಿ ಉಳಿಸಿದ್ದಾರೆ ಅಂತಲೇ ನನ್ನ ಅಭಿಪ್ರಾಯ. ಇನ್ನೂ ಸ್ವಲ್ಪ ಕೈ ಸಡಿಲಿಸಬಹುದು ಅಂದರೆ ಪೀಕ್, ಗ್ರಿಫಿನ್ ಮಂಗೂಸ್, ರೆನ್ಜೆಟ್ಟಿ ಟ್ರಾವೆಲರ್ ಕಡೆ ನೋಡಿ. ಹೆಸರೇ ಇಲ್ಲದ ನಕಲುಗಳಲ್ಲೂ ಒಳ್ಳೆಯವು ಸಿಗುತ್ತವೆ, ಆದರೆ ಒಂದೇ ಮಾಡೆಲ್‌ನ ಎರಡು ವೈಸು ಒಂದೇ ತರ ಇರುವುದಿಲ್ಲ. ಅಂಥದ್ದನ್ನು ವಾಪಸ್ ಕೊಡುವ ಅವಕಾಶ ಇದ್ದರೆ ಮಾತ್ರ ತರಿಸಿ, ಬಂದ ದಿನವೇ ಕಾಗದ, ಬೆರಳು, ಸೂಜಿ ಮೂರೂ ಪರೀಕ್ಷೆ ಮಾಡಿ. ಬಿಡಿ ದವಡೆ ಸಿಗುತ್ತದಾ ಅಂತಲೂ ಮೊದಲೇ ಕೇಳಿ. ಸಿಗುವುದಿಲ್ಲ ಅಂದರೆ ದವಡೆ ಸವೆದ ದಿನ ವೈಸೂ ಮುಗಿಯಿತು.

ಹಳೆಯ ವೈಸ್ ಕೊಳ್ಳುವುದು ನನಗೆ ಇಷ್ಟದ ದಾರಿ. ಒಳ್ಳೆಯ ಕಂಪನಿಯ ಹಳೆಯದು, ಹೊಸ ನಕಲಿಗಿಂತ ಚೆನ್ನಾಗಿರುತ್ತದೆ. ದವಡೆಯ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ, ಆಳದ ಗೀರು, ಚೂರು ಎದ್ದ ಅಂಚು ಇರಬಾರದು. ಪ್ರತಿ ಸ್ಕ್ರೂವನ್ನೂ ಬೆರಳಲ್ಲಿ ತಿರುಗಿಸಿ, ಅದರ ಸುರುಳಿ ಗೀರು ಸವೆದಿದ್ದರೆ ಜಾರಿದಂತೆ ಅನಿಸುತ್ತದೆ. ಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ, ದವಡೆಯೊಳಗಿನ ಗುಳಿ ಹೋಗುವುದಿಲ್ಲ.

ಮನೆಗೆ ತಂದ ಮೇಲೆ

ಎತ್ತರ ಹೊಂದಿಸಿ. ಮೊಣಕೈ ಮೇಜಿನ ಮೇಲೆ ಊರಿದಾಗ ಬೆರಳು ಗಾಳಕ್ಕೆ ಆರಾಮವಾಗಿ ತಲುಪಬೇಕು, ಭುಜ ಎತ್ತುವ ಹಾಗೆ ಇರಬಾರದು. ಬಲಗೈಯವರಿಗೆ ಗಾಳದ ಕಣ್ಣು ಬಲಕ್ಕೆ, ತಿರುಗಿಸುವ ಹಿಡಿಕೆ ಎಡಕ್ಕೆ ಬರುತ್ತದೆ. ಒಂದು ದೊಡ್ಡ ಗಾಳ ಹಾಕಿ, ದಪ್ಪ ಉಣ್ಣೆ ದಾರದಲ್ಲಿ ಸುತ್ತುವುದನ್ನು ಅಭ್ಯಾಸ ಮಾಡಿ. ಗಾಳದ ಮೇಲ್ಭಾಗ ನಿಮ್ಮ ಕಡೆಗೆ ಬರುವಂತೆ ತಿರುಗಿಸಿದರೆ, ಕೈಯಲ್ಲಿ ಆಚೆಗೆ ಸುತ್ತಿದ ದಿಕ್ಕಿನಲ್ಲೇ ಸುತ್ತು ಬೀಳುತ್ತದೆ. ಆಚೆಗೆ ತಿರುಗಿಸಿದರೆ ಉಲ್ಟಾ ಸುತ್ತು. ಗರಿಯ ಮೇಲೆ ತಂತಿಯನ್ನು ಅಡ್ಡ ದಿಕ್ಕಿನಲ್ಲಿ ಸುತ್ತಿ ಭದ್ರ ಮಾಡಬೇಕಾದಾಗ ಈ ಉಲ್ಟಾ ಸುತ್ತೇ ಬೇಕು, ಗರಿಯ ದಂಟನ್ನು ತಂತಿ ಹಲವು ಕಡೆ ದಾಟಿ ಹಿಡಿದುಕೊಳ್ಳುತ್ತದೆ, ಮೀನಿನ ಹಲ್ಲು ತಾಗಿದರೂ ಗರಿ ಬೇಗ ಬಿಚ್ಚುವುದಿಲ್ಲ.

ಕೆಲಸ ಮುಗಿದ ಮೇಲೆ ದವಡೆ ಸಡಿಲಿಸಿ ಇಡಿ. ಶಾಫ್ಟಿಗೆ ಆಗಾಗ ಒಂದು ಹನಿ ಹೊಲಿಗೆ ಮಿಷನ್ ಎಣ್ಣೆ ಸಾಕು, ದವಡೆಯ ಒಳಗೆ ಮಾತ್ರ ಎಣ್ಣೆ ತಾಗಬಾರದು, ಗಾಳ ಜಾರುತ್ತದೆ. ದವಡೆ ಮೇಲೆ ವಾರ್ನಿಶ್, ರೆಸಿನ್ ಬಿದ್ದರೆ ಗಟ್ಟಿಯಾಗುವ ಮುಂಚೆ ಒರೆಸಿಬಿಡಿ. ವೈಸಿನ ಜೊತೆ ಬಂದ ಅಲೆನ್ ಕೀಯನ್ನು ದಾರದಲ್ಲಿ ಕಂಬಕ್ಕೇ ಕಟ್ಟಿಡಿ, ಸಣ್ಣ ಸ್ಕ್ರೂ ಸಡಿಲವಾಗುವುದು ಯಾವಾಗಲೂ ಅರ್ಧ ಕಟ್ಟಿದ ಫ್ಲೈ ದವಡೆಯಲ್ಲಿ ಇರುವಾಗಲೇ.